ನಂಬಿಕೆಯಿಂದ ನೀತಿವಂತಿಕೆ: ಆಕ್ಷೇಪಗಳಿಗೊಂದು ಉತ್ತರ

ಮನುಷ್ಯ ತನ್ನ ಸತ್ಕಾರ್ಯಗಳ ಬಲವಿಲ್ಲದೆ, ಕ್ರಿಸ್ತನಲ್ಲಿಟ್ಟ ನಂಬಿಕೆಯಿಂದಲೇ ದೇವರ ಮುಂದೆ ನೀತಿವಂತನೆನಿಸಿಕೊಳ್ಳುತ್ತಾನೆ ಎಂಬ ಬೋಧನೆಯನ್ನು ಟೀಕಿಸುವವರು ಸಭೆಯ ಹೊರಗೂ ಇದ್ದಾರೆ, ಒಳಗೂ ಇದ್ದಾರೆ. ಅವರ ಆಕ್ಷೇಪಗಳಲ್ಲಿ ಕೆಲವು ಹಗುರ, ಕೆಲವು ನಿಜಕ್ಕೂ ಭಾರ. ಉತ್ತರಿಸುವ ಹೊಣೆ ಇದನ್ನು ನಂಬಿ ಬಾಳುವ ನಮ್ಮದು.

"ನಂಬಿದರೆ ಸಾಕು ಎಂದ ಮೇಲೆ ಒಳ್ಳೆಯವನಾಗಿ ಬಾಳುವ ದರ್ದು ಯಾರಿಗಿದೆ?" ಇದು ಎಲ್ಲರೂ ಮೊದಲು ಕೇಳುವ ಪ್ರಶ್ನೆ. ಪೌಲನಿಗೂ ಇದು ಗೊತ್ತಿತ್ತು; ರೋಮಾಪುರದವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯ ಶುರುವಾಗುವುದೇ ಇದಕ್ಕೆ ಉತ್ತರವಾಗಿ. ಚರಿತ್ರೆಯಲ್ಲಿ ನಡೆದದ್ದನ್ನೂ ನೋಡೋಣ. ಮಧ್ಯಯುಗದ ಯುರೋಪಿನಲ್ಲಿ ಭಿಕ್ಷೆ ಕೊಡುವುದೆಂದರೆ ಕೊಟ್ಟವನ ಆತ್ಮಕ್ಕೆ ಪುಣ್ಯ. ಹಾಗಾಗಿ ಬಡವ ಇದ್ದ ಹಾಗೇ ಇದ್ದರೂ ಕೊಟ್ಟವನ ಕೆಲಸ ಆಗುತ್ತಿತ್ತು. 1520ರಲ್ಲಿ ಕ್ರೈಸ್ತನ ಸ್ವಾತಂತ್ರ್ಯದ ಬಗ್ಗೆ ಬರೆದ ಪುಸ್ತಕದಲ್ಲಿ ಮಾರ್ಟಿನ್ ಲೂಥರ್ ಈ ಗಂಟನ್ನೇ ಬಿಚ್ಚಿದರು: ದೇವರ ಮುಂದೆ ನನ್ನ ಲೆಕ್ಕ ಕ್ರಿಸ್ತನಲ್ಲಿ ತೀರಿದ ಮೇಲೆ ನಾನು ಮಾಡುವುದೆಲ್ಲ ನೆರೆಯವನ ಸಲುವಾಗಿಯೇ. ಮೂರು ವರ್ಷಗಳಲ್ಲಿ, 1523ರಲ್ಲಿ, ಲೈಸ್ನಿಗ್ ಎಂಬ ಸಣ್ಣ ಊರಿನ ಸಭೆ ತನ್ನ ಆದಾಯವನ್ನೆಲ್ಲ ಒಂದು ಸಾಮಾನ್ಯ ನಿಧಿಗೆ ಸೇರಿಸಿ, ಅದರಿಂದ ಬಡವರನ್ನು, ಅನಾಥರನ್ನು, ಶಾಲೆಯನ್ನು ನೋಡಿಕೊಳ್ಳುವ ಕಟ್ಟಳೆ ಬರೆದುಕೊಂಡಿತು. ಅದಕ್ಕೆ ಮುನ್ನುಡಿ ಬರೆದು ಅಚ್ಚು ಹಾಕಿಸಿದವರು ಲೂಥರರೇ. ಸತ್ಕಾರ್ಯ ಬೇಡವೆಂದವರು ಮಾಡುವ ಕೆಲಸವೇ ಇದು?

ಈ ಬೋಧನೆಯನ್ನು ಸೋಮಾರಿತನಕ್ಕೆ ಹೊದಿಕೆ ಮಾಡಿಕೊಂಡವರು ನಮ್ಮಲ್ಲಿಲ್ಲ ಎಂದು ನಾನು ಹೇಳಲಾರೆ. ಆದರೆ ಅಂಥವರನ್ನು ಅತ್ಯಂತ ಕಟುವಾಗಿ ಖಂಡಿಸಿದವರು ಒಬ್ಬ ಲೂಥರನ್ ಪಾಲಕರು, ಡೀಟ್ರಿಕ್ ಬೋನ್‌ಹಾಫರ್. 1937ರ ಪುಸ್ತಕದಲ್ಲಿ ಅವರು ಶಿಷ್ಯತ್ವ ಕೇಳದ ಕೃಪೆಯನ್ನು ಅಗ್ಗದ ಕೃಪೆ ಎಂದರು. 1945ರ ಏಪ್ರಿಲ್ 9ರಂದು ಹಿಟ್ಲರನ ಆಡಳಿತ ಅವರನ್ನು ಗಲ್ಲಿಗೇರಿಸಿತು. ಕೃಪೆಯಿಂದಲೇ ಬದುಕುತ್ತೇನೆ ಎಂದು ನಂಬಿದವರ ನಡೆ ಅಲ್ಲಿಯವರೆಗೂ ಹೋಗಬಲ್ಲದು.

ಎರಡನೆಯ ಗುಂಪು ವೇದಪುಸ್ತಕವನ್ನೇ ತೆರೆದು ತೋರಿಸುತ್ತದೆ: ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದೆಂದು ಯಾಕೋಬ ಬರೆದಿದ್ದಾನಲ್ಲ! ಬರೆದಿದ್ದಾನೆ, ಸರಿಯಾಗಿಯೇ ಬರೆದಿದ್ದಾನೆ. ಆ ಪತ್ರಿಕೆಯನ್ನು 1522ರ ಮುನ್ನುಡಿಯಲ್ಲಿ ಹಗುರವಾಗಿ ಕಂಡದ್ದು ಲೂಥರರ ತಪ್ಪು. ಯಾಕೋಬನ ಕಣ್ಣೆದುರು ಇರುವವನು ಉಡಲು ಬಟ್ಟೆಯಿಲ್ಲದ ಸಹೋದರನಿಗೆ ಒಳ್ಳೆಯ ಮಾತು ಹೇಳಿ ಬರಿಗೈಯಲ್ಲಿ ಕಳಿಸುವ ಭಕ್ತ. ಪೌಲನ ಎದುರು ಇರುವವನು ಸುನ್ನತಿ ಮಾಡಿಸಿಕೊಳ್ಳದವನು ದೇವಜನರ ಲೆಕ್ಕಕ್ಕೇ ಬರುವುದಿಲ್ಲ ಎನ್ನುವವನು. ಇಬ್ಬರೂ ಅಬ್ರಹಾಮನ ಹೆಸರೆತ್ತುತ್ತಾರೆ. ಪೌಲ ನೋಡುವುದು ಇನ್ನೂ ಮಗ ಹುಟ್ಟದ, ವಾಗ್ದಾನವನ್ನಷ್ಟೇ ನಂಬಿದ ಅಬ್ರಹಾಮನನ್ನು. ಯಾಕೋಬ ನೋಡುವುದು ಎಷ್ಟೋ ವರ್ಷಗಳ ನಂತರ ಮಗನನ್ನು ಬೆಟ್ಟಕ್ಕೆ ಕರೆದೊಯ್ದ ಅಬ್ರಹಾಮನನ್ನು. ಮೊದಲನೆಯದಿಲ್ಲದೆ ಎರಡನೆಯದು ಹೇಗೆ ಸಾಧ್ಯವಿತ್ತು?

ಮೂರನೆಯ ಆಕ್ಷೇಪವೇ ನನಗೆ ಭಾರವಾದದ್ದು. "ಕೊಲೆಗಾರ ಕ್ಷಮೆ ಪಡೆದು ನಿರಾಳನಾಗುತ್ತಾನೆ, ಸತ್ತವನ ಹೆಂಡತಿಮಕ್ಕಳ ಪಾಡೇನು?" ನೊಂದವರ ಪರವಾಗಿ ಕೇಳುವ ಈ ಪ್ರಶ್ನೆಗೆ ತಲೆಬಾಗಿಯೇ ಉತ್ತರಿಸಬೇಕು. ಶಿಲುಬೆಯ ಮೇಲಿದ್ದ ಕಳ್ಳನಿಗೆ ಯೇಸು ಪರದೈಸಿನ ಮಾತು ಕೊಟ್ಟನು, ಆದರೆ ಆ ಕಳ್ಳ ಶಿಲುಬೆಯಿಂದ ಇಳಿಯಲಿಲ್ಲ. ದೇವರ ಕ್ಷಮೆ ನ್ಯಾಯಾಲಯದ ತೀರ್ಪನ್ನು ಅಳಿಸುವುದಿಲ್ಲ. ಅಳಿಸುತ್ತದೆ ಎಂದು ಬೋಧಿಸುವ ಪಾಲಕ ನೊಂದವರಿಗೆ ಎರಡನೆಯ ಸಲ ಅನ್ಯಾಯ ಮಾಡುತ್ತಾನೆ. ಸುಂಕದ ಜಕ್ಕಾಯನ ಕಥೆಯ ಕ್ರಮವನ್ನೂ ಗಮನಿಸಿ. ಅವನು ಏನನ್ನೂ ತೆತ್ತಿರಲಿಲ್ಲ, ಆಗಲೇ ಯೇಸು ಅವನ ಮನೆಯಲ್ಲಿ ಇಳಿದುಕೊಳ್ಳುವೆನೆಂದನು. ಆಮೇಲೆ ಅವನಾಗಿಯೇ ಎದ್ದು ನಿಂತು ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ಸು ಎಂದನು. ಕ್ಷಮೆ ಪಡೆದವನ ಕಣ್ಣಿಗೆ ತಾನು ಸುಲಿದವರ ಮುಖ ಮೊದಲ ಸಲ ಕಂಡಿತು.

ಇದು ಯುರೋಪಿನ ಹಳೆಯ ಜಗಳ ಎನ್ನುವವರಿಗೆ ಹೆಚ್ಚು ಹೇಳಬೇಕಿಲ್ಲ. 1547ರಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆ ಲೂಥರರಂಥ ಸುಧಾರಕರ ಬೋಧನೆಯನ್ನು ಖಂಡಿಸಿದ್ದು ನಿಜ, ಆದರೆ ಕೃಪೆಯಿಲ್ಲದೆ ಸ್ವಂತ ಕ್ರಿಯೆಗಳಿಂದ ನೀತಿವಂತನಾಗಬಹುದು ಎನ್ನುವವರನ್ನೂ ಅದು ಖಂಡಿಸಿತ್ತು. 1999ರ ಅಕ್ಟೋಬರ್ 31ರಂದು ಔಗ್ಸ್‌ಬುರ್ಗ್‌ನಲ್ಲಿ ಕಥೋಲಿಕರೂ ಲೂಥರನ್ನರೂ ಇದೇ ಬೋಧನೆಯ ಬಗ್ಗೆ ಜಂಟಿ ಹೇಳಿಕೆಗೆ ಸಹಿ ಹಾಕಿದರು.

"ಸರಿ, ದಿನನಿತ್ಯದ ಬದುಕಿಗೆ ಇದರಿಂದ ಏನಾಗಬೇಕು?" ಹೀಗೆ ಕೇಳುವವರು ಗಲಾತ್ಯದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯವನ್ನು ಓದಬೇಕು. ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರ ಜೊತೆ ಕೂತು ಉಣ್ಣುತ್ತಿದ್ದ. ಯೆರೂಸಲೇಮಿನಿಂದ ಕೆಲವರು ಬಂದೊಡನೆ ಮೆಲ್ಲಗೆ ಎದ್ದು ಬೇರೆ ಕೂತ. ಪೌಲ ಎಲ್ಲರೆದುರಿಗೆ ಅವನನ್ನು ತರಾಟೆಗೆ ತೆಗೆದುಕೊಂಡ. ಆ ಪತ್ರಿಕೆಯಲ್ಲಿ ನಂಬಿಕೆಯಿಂದಲೇ ನೀತಿವಂತಿಕೆ ಎಂಬ ಮಾತು ಮೊದಲು ಬರುವುದು ಈ ಊಟದ ಜಗಳದಲ್ಲಿ. ಪಂಕ್ತಿಭೇದ ಕಂಡ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕೇ? ದೇವರು ಇಬ್ಬರನ್ನೂ ಒಂದೇ ಆಧಾರದ ಮೇಲೆ ಸ್ವೀಕರಿಸಿದ್ದಾನೆಂದ ಮೇಲೆ ಎಲೆ ಬೇರೆ ಹಾಕುವ ಹಕ್ಕು ಯಾರಿಗೂ ಉಳಿಯುವುದಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಸಭೆಯೊಳಗೆ ಜಾತಿಯನ್ನು ಬಿಡಲೇಬೇಕೆಂದು ಹಟ ಹಿಡಿಯಿತು. ತಂಜಾವೂರಿನ ಕಡೆಯ ಸಭೆಗಳಲ್ಲಿ ಜಾತಿಗೊಂದು ಜಾಗ ನಡೆದುಬಂದಿತ್ತು. 1833ರಲ್ಲಿ ಬಿಷಪ್ ಡೇನಿಯಲ್ ವಿಲ್ಸನ್ ಅದನ್ನು ನಿಲ್ಲಿಸಿ ಎಂದಾಗ ಎಷ್ಟೋ ಜನ ಸಭೆಯನ್ನೇ ಬಿಟ್ಟು ಹೋದರು.

ಇಂದಿಗೂ ಹೆಣ್ಣು-ಗಂಡು ನೋಡುವಾಗ ಯಾವ ಜಾತಿಯಿಂದ ಬಂದ ಮನೆತನ ಎಂದು ದನಿ ತಗ್ಗಿಸಿ ವಿಚಾರಿಸುವ ಕ್ರೈಸ್ತ ಮನೆಗಳಿವೆ. ಭಾನುವಾರ ಪ್ರಭುಭೋಜನದಲ್ಲಿ ಒಟ್ಟಿಗೆ ಮೊಣಕಾಲೂರಿ, ಸೋಮವಾರ ಹೀಗೆ ವಿಚಾರಿಸುವವರು ಪೇತ್ರನಂತೆಯೇ ಎದ್ದು ಬೇರೆ ಕೂತವರು. ಈ ಬೋಧನೆಗೆ ದಿನನಿತ್ಯ ಏನು ಕೆಲಸ ಎಂದು ಕೇಳುವವರು ಆ ಮನೆಗಳ ಜಗಲಿಯ ಮೇಲೆ ಇದನ್ನು ಒಮ್ಮೆ ಬೋಧಿಸಿ ನೋಡಲಿ.