ಕಾರ್ಖಾನೆಯಿಲ್ಲದ ಊರಿನ ಹೊಗೆ

ಪರಿಸರಮಾಲಿನ್ಯವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಸೀಮೆಯ ಜನರು ಕೇಳುವ ಪ್ರಶ್ನೆಯೊಂದುಂಟು: “ನಮ್ಮಲ್ಲಿ ಕಾರ್ಖಾನೆ ಎಲ್ಲಿದೆ?” ಭೇರ್ಯದ ಕಟ್ಟೆಯ ಮೇಲೆ ಕುಳಿತವರೂ ಇದನ್ನು ಕೇಳುತ್ತಾರೆ, ಹುಣಸೂರಿನ ಸಂತೆಗೆ ಬಂದವರೂ ಕೇಳುತ್ತಾರೆ, ಸಭೆಗಳಲ್ಲಿ ಅಧ್ಯಕ್ಷಪೀಠವನ್ನು ಅಲಂಕರಿಸುವ ವಿದ್ಯಾವಂತರೂ ಇದನ್ನೇ ಕೊಂಚ ಸಂಸ್ಕೃತ ಬೆರಸಿ ಕೇಳುತ್ತಾರೆ. ೨೦೧೫ನೆಯ ಇಸವಿಯ ಮೇ ತಿಂಗಳಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿಕೊಂಡಿತೆಂಬ ಸುದ್ದಿ ಬಂದಾಗ, ನೀರಿಗೆ ಬೆಂಕಿ ಹಚ್ಚುವ ಜಾಣತನ ರಾಜಧಾನಿಯವರಿಗಲ್ಲದೆ ಮತ್ತಾರಿಗುಂಟೆಂದು ಹಳ್ಳಿಹಳ್ಳಿಗಳಲ್ಲಿ ನಗೆಯೆದ್ದಿತು. ಮಾಲಿನ್ಯವು ಪಟ್ಟಣದ ಪಾಪ, ಹಳ್ಳಿಯ ಗಾಳಿ ಹುಟ್ಟಿನಿಂದಲೇ ಪುಣ್ಯವಾದುದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಭಾವನೆ ಸುಳ್ಳು. ಸುಳ್ಳು ಮಾತ್ರವಲ್ಲ, ಅಪಾಯಕರ. ಇದನ್ನು ತೋರಿಸುವುದಕ್ಕಾಗಿಯೇ ಈ ನಾಲ್ಕು ಮಾತು.

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರಗಳ ಸೀಮೆಯಲ್ಲಿ ಮುಂಗಾರಿನ ನಡುವೆ ಸಂಚರಿಸಿದವರಿಗೆ ಬ್ಯಾರನ್ನೆಂದರೇನೆಂದು ಹೇಳಬೇಕಾಗಿಲ್ಲ. ಹೊಲದ ಮಗ್ಗುಲಲ್ಲಿ ಎತ್ತರವಾಗಿ ನಿಂತ, ಕಿಟಕಿಗಳಿಲ್ಲದ ಮನೆ. ಕೆಳಗೆ ಒಲೆ, ನೆಲದುದ್ದಕ್ಕೂ ಬಿಸಿಹೊಗೆ ಹರಿಯುವ ತಗಡಿನ ಕೊಳವೆ, ಮೇಲೆ ಚಿಮಣಿ. ಕಡ್ಡಿಗಳಿಗೆ ಕಟ್ಟಿದ ಹಸಿಯ ಹೊಗೆಸೊಪ್ಪನ್ನು ಒಳಗೆ ಸಾಲುಸಾಲಾಗಿ ತೂಗುಹಾಕಿ, ಐದರಿಂದ ಏಳು ದಿನ ಹಗಲಿರುಳೂ ಬೆಂಕಿಯನ್ನು ಆರಗೊಡದೆ ಉರಿಸಬೇಕು. ಮೊದಲು ಮಂದವಾದ ಶಾಖದಲ್ಲಿ ಎಲೆ ಹಳದಿಗೆ ತಿರುಗತಕ್ಕದ್ದು; ಬಳಿಕ ಎಲೆ ಒಣಗತಕ್ಕದ್ದು; ಕಡೆಗೆ ೭೦ ಡಿಗ್ರಿಯವರೆಗೆ ಶಾಖವೇರಿಸಿ ನಡುನರವನ್ನು ಒಣಗಿಸತಕ್ಕದ್ದು. ಇಂಥ ಬ್ಯಾರನ್ನುಗಳು ನಮ್ಮಲ್ಲಿ ಒಂದಲ್ಲ, ನೂರಲ್ಲ, ಹತ್ತಾರು ಸಾವಿರ. ಕಚ್ಚಾಪದಾರ್ಥವನ್ನು ಬೆಂಕಿಯಿಂದ ಮಾರ್ಪಡಿಸಿ ದೇಶಾಂತರದ ಪೇಟೆಗೆ ಸಿದ್ಧಪಡಿಸುವ ಸ್ಥಾನಕ್ಕೆ ಕಾರ್ಖಾನೆಯೆನ್ನದೆ ಮತ್ತೇನೆನ್ನೋಣ? ಇದಕ್ಕೆ ಕಾರ್ಖಾನೆಗಿರುವಂತೆಯೇ ಪರವಾನಗಿಯೂ ಉಂಟು. ೧೯೭೫ನೆಯ ಇಸವಿಯ ಕಾಯಿದೆಯಿಂದ ಹುಟ್ಟಿದ ತಂಬಾಕು ಮಂಡಳಿಯ ಪುಸ್ತಕದಲ್ಲಿ ಬೆಳೆಗಾರನ ಹೆಸರುಂಟು, ಬ್ಯಾರನ್ನಿನ ದಾಖಲೆಯುಂಟು, ಅವನು ಎಷ್ಟು ಕಿಲೋ ಮಾರಬಹುದೆಂಬ ಮಿತಿಯುಂಟು. ಚಿಲ್ಕುಂದ, ಕಟ್ಟೆಮಳಲವಾಡಿ, ಕಂಪಲಾಪುರಗಳ ಹರಾಜು ಕಟ್ಟೆಗಳಲ್ಲಿ ಪ್ರತಿಯೊಂದು ಬೇಲೂ ತೂಗಲ್ಪಡುತ್ತದೆ. ಎಲ್ಲವನ್ನೂ ಅಳೆದವರು ಒಂದನ್ನು ಮಾತ್ರ ಅಳೆಯಲಿಲ್ಲ: ಸುಟ್ಟ ಸೌದೆಯನ್ನು ಮತ್ತು ಎದ್ದ ಹೊಗೆಯನ್ನು. ಮಿತಿಗಿಂತ ಹೆಚ್ಚು ಸೊಪ್ಪು ತಂದರೆ ದಂಡದ ನಿಯಮವಿದೆ. ಅಗತ್ಯಕ್ಕಿಂತ ಹೆಚ್ಚು ಸೌದೆ ಸುಟ್ಟರೆ ಕೇಳುವವರಿಲ್ಲ.

ಅಳೆಯದಿದ್ದುದನ್ನು ನಾವೇ ಸ್ಥೂಲವಾಗಿ ಅಳೆದು ನೋಡೋಣ. ಒಂದು ಕಿಲೋ ಹದವಾದ ಸೊಪ್ಪಿಗೆ ನಾಲ್ಕರಿಂದ ಐದು ಕಿಲೋ ಸೌದೆ ಬೇಕೆಂಬುದು ಬೆಳೆಗಾರರಿಗೂ ತಜ್ಞರಿಗೂ ಒಪ್ಪಿತವಾದ ಮಾತು. ಕರ್ನಾಟಕಕ್ಕೆ ಮಂಡಳಿಯು ಇತ್ತೀಚಿನ ವರ್ಷಗಳಲ್ಲಿ ಗೊತ್ತುಮಾಡಿರುವ ಪ್ರಮಾಣ ೧೦ ಕೋಟಿ ಕಿಲೋವಿನ ಆಸುಪಾಸಿನದು. ಅದರ ಬಹುಭಾಗ ಬೆಳೆಯುವುದು ನಮ್ಮ ಸೀಮೆಯಲ್ಲೇ. ಮಳೆ ಕೈಕೊಟ್ಟು ೮ ಕೋಟಿಯೇ ಬಂದಿತೆನ್ನೋಣ. ಸೌದೆಯನ್ನೂ ಕಡಮೆಯ ಲೆಕ್ಕದಲ್ಲಿ ನಾಲ್ಕು ಕಿಲೋವೆಂದೇ ಹಿಡಿಯೋಣ. ಆದರೂ ೩೨ ಕೋಟಿ ಕಿಲೋ, ಎಂದರೆ ೩ ಲಕ್ಷ ೨೦ ಸಾವಿರ ಟನ್ನು ಆಯಿತು. ಹತ್ತು ಟನ್ನಿನ ಲಾರಿಗಳಲ್ಲಿ ತುಂಬಿದರೆ ೩೨ ಸಾವಿರ ಲಾರಿ! ಇನ್ನೊಂದು ವಿಚಾರವುಂಟು. ಒಂದು ಕಿಲೋ ಒಣಸೊಪ್ಪಿಗೆ ಆರೇಳು ಕಿಲೋ ಹಸಿಯೆಲೆ ಬೇಕು; ಉಳಿದುದೆಲ್ಲ ಆವಿಯಾಗಿ ಹೋಗತಕ್ಕ ನೀರು. ಅಷ್ಟು ನೀರನ್ನು ಆವಿಮಾಡಲು ಬೇಕಾದ ಶಾಖವು ಚೆನ್ನಾಗಿ ಒಣಗಿದ ಒಂದು, ಒಂದೂವರೆ ಕಿಲೋ ಸೌದೆಯಲ್ಲಿದೆ. ಹಾಗಾದರೆ ಉಳಿದ ಎರಡು ಮೂರು ಕಿಲೋ ಎಲ್ಲಿಗೆ ಹೋಯಿತು? ಗೋಡೆಯ ಬಿರುಕಿನಿಂದ, ಹೆಂಚಿನ ಸಂದಿನಿಂದ, ಬಾಯ್ದೆರೆದ ಒಲೆಯಿಂದ, ಚಿಮಣಿಯಿಂದ ಆಕಾಶಕ್ಕೆ ಹೋಯಿತು. ನಾವು ಸುಡುವ ಮರದಲ್ಲಿ ಅರ್ಧಕ್ಕೂ ಹೆಚ್ಚಿನದು ಸೊಪ್ಪಿಗಾಗಿ ಸುಡುವುದಲ್ಲ, ಸುಮ್ಮನೆ ಸುಡುವುದು.

ಇದಕ್ಕೆ ಕೂಡಲೆ ಬರುವ ಪ್ರತಿಪ್ರಶ್ನೆ: “ನಾವು ಕಾಡು ಕಡಿಯುತ್ತೇವೆಯೆ? ನೀಲಗಿರಿ, ಸರ್ವೆ ಮುಂತಾದ ನೆಟ್ಟ ಮರಗಳನ್ನೇ ಸುಡುತ್ತೇವಲ್ಲ. ಕಡಿದರೆ ಮತ್ತೆ ಬೆಳೆಯುತ್ತದೆ.” ನೆಟ್ಟು ಸುಡುವವರು ಇರುವುದು ನಿಜ, ಅವರನ್ನು ಮೆಚ್ಚಬೇಕು. ಆದರೆ ಹೊಲದ ಬದುಗಳನ್ನೊಮ್ಮೆ ಕಣ್ಣಿಟ್ಟು ನೋಡಿದವರಾರೂ ಈ ಸಮಾಧಾನವನ್ನು ಪೂರ್ತಿಯಾಗಿ ಒಪ್ಪಲಾರರು. ಅಲ್ಲಿದ್ದ ಹೊಂಗೆ, ಬೇವು, ಮಾವು, ಹುಣಸೆಗಳು ಎಲ್ಲಿ? ಹೆಸರಿನಲ್ಲೇ ಹುಣಸೆಯನ್ನು ಹೊತ್ತ ಊರಿನ ಸುತ್ತಲೂ ಹುಣಸೆಯ ಮರ ಲಾರಿಯೇರುವುದನ್ನು ಕಾಣುತ್ತೇವೆ. ಅಜ್ಜ ನೆಟ್ಟು ಮೊಮ್ಮಗ ಹಣ್ಣು ತಿನ್ನತಕ್ಕ ಮರ ಒಂದೇ ವಾರದಲ್ಲಿ ಬೂದಿಯಾಗುತ್ತದೆ. ಅದರ ಜಾಗದಲ್ಲಿ ನೆಟ್ಟ ನೀಲಗಿರಿ ಸೌದೆಯನ್ನು ಕೊಟ್ಟೀತು. ನೆರಳನ್ನಾಗಲಿ ಸೊಪ್ಪುಗೊಬ್ಬರವನ್ನಾಗಲಿ ಹಕ್ಕಿಗೆ ಹಣ್ಣನ್ನಾಗಲಿ ಕೊಡಲಾರದು. ಹುಣಸೂರು, ಕೋಟೆಗಳ ಬೆನ್ನಿಗೇ ನಾಗರಹೊಳೆಯ ಅರಣ್ಯವಿರುವುದನ್ನು ನೆನೆದರೆ, ಲಕ್ಷಾಂತರ ಟನ್ನಿನ ಈ ಹಸಿವು ಕಾಡಿನ ಅಂಚಿನಲ್ಲಿ ಹೆಡೆಯೆತ್ತಿ ನಿಂತಿರುವುದು ಎಷ್ಟು ಭಯಂಕರವೆಂಬುದು ಹೊಳೆಯದಿರದು.

ಮೂರನೆಯ ಪ್ರಶ್ನೆ: “ಸೌದೆಯ ಹೊಗೆಯಲ್ಲವೆ? ಮೇಲಕ್ಕೇರಿ ಚದರಿಹೋಗುತ್ತದೆ. ನಮ್ಮದೊಂದು ಚಿಮಣಿಯಿಂದ ಏನಾದೀತು?” ಸೊಪ್ಪು ಹದಮಾಡುವ ಕಾಲವೂ ಮಳೆಗಾಲವೂ ಒಂದೇ ಎಂಬುದನ್ನು ಮರೆಯಬಾರದು. ನೆನೆದ ಸೌದೆ ತನ್ನೊಳಗಿನ ನೀರನ್ನು ಕುದಿಸುವುದರಲ್ಲೇ ತನ್ನ ಶಾಖವನ್ನು ವೆಚ್ಚಮಾಡಿ, ಉರಿಯುವುದರ ಬದಲು ಹೊಗೆಯಾಡುತ್ತದೆ. ಆ ಹೊಗೆಯಲ್ಲಿ ಕೂದಲೆಳೆಗಿಂತ ಎಷ್ಟೋ ಪಾಲು ಸೂಕ್ಷ್ಮವಾದ ಕಣಗಳಿವೆ. ಅವು ಮೂಗಿನಲ್ಲಿ ನಿಲ್ಲದೆ ಶ್ವಾಸಕೋಶದ ತಳವನ್ನು ಸೇರುತ್ತವೆ. ಮೋಡ ಕವಿದ, ಗಾಳಿ ನಿಂತ ಇರುಳುಗಳಲ್ಲಿ ಅದು ಮೇಲಕ್ಕೇರುವುದಿಲ್ಲ. ಊರ ಮೇಲೆ ಕಂಬಳಿಯಂತೆ ಹರಡುತ್ತದೆ. ಬ್ಯಾರನ್ನಿನ ಮುಂದೆ ರಾತ್ರಿಯೆಲ್ಲ ಕುಳಿತು ಒಲೆ ಕಾಯುವವನು, ಪಕ್ಕದಲ್ಲಿ ಕುಳಿತು ಕಡ್ಡಿಗೆ ಎಲೆ ಕಟ್ಟುವ ಹೆಂಗಸರು, ಅವರ ಮಡಿಲ ಕೂಸು, ಇವರೇ ಅದನ್ನು ಮೊದಲು ಸೇದುವವರು. ಎಲೆಯ ವಿಷವೂ ಇದರ ಜತೆಗಿದೆ. ಇಬ್ಬನಿಯಲ್ಲಿ ನೆನೆದ ಎಲೆಯನ್ನು ಬರಿಗೈಯಲ್ಲಿ ಮುರಿಯುವವರಿಗೆ ಅದರ ನಿಕೋಟಿನ್ ಚರ್ಮದ ಮೂಲಕವೇ ಇಳಿದು ತಲೆಸುತ್ತು, ವಾಂತಿ, ನಿತ್ರಾಣಗಳನ್ನು ತರುತ್ತದೆ. ೨೦೦೮ನೆಯ ಇಸವಿಯ ಅಕ್ಟೋಬರ್ ೨ರಿಂದ ಸಾರ್ವಜನಿಕ ಸ್ಥಳದಲ್ಲಿ ಒಂದು ಬೀಡಿ ಸೇದಿದವನಿಗೆ ದೇಶದಾದ್ಯಂತ ದಂಡವಿದೆ. ಬೀಡಿಯನ್ನೇ ಕಂಡರಿಯದ ತಾಯಿಯೂ ಕೂಸೂ ವರ್ಷಕ್ಕೆ ಮೂರು ತಿಂಗಳು ಸೇದುವ ಹೊಗೆಗೆ ಯಾರು ದಂಡ ತೆರುವರು?

ಒಂದು ಚಿಮಣಿಯಿಂದ ಏನಾದೀತೆಂಬ ಮಾತಿಗೆ ಲಂಡನ್ ಪಟ್ಟಣವೇ ಉತ್ತರ ಕೊಟ್ಟಿದೆ. ೧೯೫೨ನೆಯ ಇಸವಿಯ ಡಿಸೆಂಬರಿನಲ್ಲಿ ಆ ಪಟ್ಟಣದ ಮೇಲೆ ಹೊಗೆಯೂ ಮಂಜೂ ಬೆರೆತು ಐದು ದಿನ ಕವಿದು, ಸಾವಿರಾರು ಜನ ಸತ್ತರು. ಆ ಹೊಗೆ ಕಾರ್ಖಾನೆಗಳದು ಮಾತ್ರವಾಗಿರಲಿಲ್ಲ. ಮನೆಮನೆಯ ಕಲ್ಲಿದ್ದಲ ಒಲೆಯದೂ ಆಗಿತ್ತು. ಪ್ರತಿಯೊಬ್ಬ ಗೃಹಸ್ಥನೂ ತನ್ನದು ಒಂದೇ ಒಲೆಯೆಂದು ತಿಳಿದಿದ್ದನು.

ಹೊಗೆ ಹೀಗಾಯಿತು, ನೀರಿನ ಗತಿಯೇನು? ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟಿ, ಇರ್ಪಿನಲ್ಲಿ ಧುಮುಕಿ ಬರುವ ಲಕ್ಷ್ಮಣತೀರ್ಥವು ಹೆಸರಿನಿಂದಲೇ ತೀರ್ಥ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ೨೦೧೮ರಲ್ಲಿ ದೇಶದ ೩೫೧ ನದೀಭಾಗಗಳನ್ನು ಮಲಿನವೆಂದು ಪಟ್ಟಿಮಾಡಿತು. ಅವುಗಳಲ್ಲಿ ಕರ್ನಾಟಕದವು ೧೭. ಆ ಹದಿನೇಳರಲ್ಲಿ ಲಕ್ಷ್ಮಣತೀರ್ಥವೂ ಒಂದು. ಹುಣಸೂರಿನ ಚರಂಡಿಗಳನ್ನು ಹೊತ್ತ ಆ ನೀರು ಕನ್ನಂಬಾಡಿಯ ಜಲಾಶಯವನ್ನೇ ಸೇರತಕ್ಕದ್ದು. ಇಲ್ಲಿಯೂ ದೊಡ್ಡ ಕಾರ್ಖಾನೆಯೊಂದನ್ನು ತೋರಿಸಿ ಕೈತೊಳೆದುಕೊಳ್ಳುವ ಅವಕಾಶ ನಮಗಿಲ್ಲ; ಇದು ನಮ್ಮ ಮನೆಗಳ ಬಚ್ಚಲ ನೀರು. ಕೆರೆಯನ್ನೂ ಬೀದಿಯನ್ನೂ ಹೊಲಸುಮಾಡಿದವನಿಗೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದಂಡ ಹೇಳಿದೆ. ನಾವಾದರೋ ಮೈಲಿಗೆಯೆಂಬ ಮಾತನ್ನು ಶತಮಾನಗಳ ಕಾಲ ಮನುಷ್ಯರ ಮೇಲೆ ಪ್ರಯೋಗಿಸಿದೆವು; ಬಾಯಾರಿ ಬಂದವನ ನೆರಳು ಬಾವಿಯ ಮೇಲೆ ಬೀಳದಂತೆ ಕಾವಲು ಕಾದೆವು; ಅದೇ ಕಾಲಕ್ಕೆ ಚರಂಡಿಯನ್ನು ತೀರ್ಥಕ್ಕೆ ತಿರುಗಿಸಿದೆವು. ಮಾಡಬಾರದ ಕಡೆ ಮಡಿ, ಮಾಡತಕ್ಕ ಕಡೆ ಮೌನ! ನೀರನ್ನು ಕೆಡಿಸುವುದು ಮುಟ್ಟುವ ಕೈಯಲ್ಲ, ಸುರಿಯುವ ಕೊಳೆ ಎಂಬ ಸರಳವಾದ ತಿಳಿವು ನಮಗೆ ಇನ್ನೂ ಬರಬೇಕಾಗಿದೆ.

ಇನ್ನು ಕಡೆಯ ಪ್ರಶ್ನೆ. ಹಿಂದಿನವು ನೆಪಗಳು, ಇದೊಂದು ನಿಜವಾದ ಪ್ರಶ್ನೆ: “ಹೊಗೆಸೊಪ್ಪು ಬಿಟ್ಟರೆ ಅನ್ನ ಕೊಡುವವರಾರು?” ಇದನ್ನು ಕೇಳುವ ರೈತನ ಮುಂದೆ ಪಟ್ಟಣದಿಂದ ಬಂದು ಉಪದೇಶ ಮಾಡುವವರು ತಲೆತಗ್ಗಿಸತಕ್ಕದ್ದು. ಮಳೆಯನ್ನೇ ನಂಬಿದ ಕೆಂಪುಮಣ್ಣಿನ ಹೊಲದಲ್ಲಿ ರಾಗಿ, ಅವರೆ, ಜೋಳಗಳನ್ನು ಬೆಳೆದವನಿಗೆ ಬೆಲೆಯ ಭರವಸೆಯಿಲ್ಲ. ಹೊಗೆಸೊಪ್ಪಿಗಾದರೆ ಕಟ್ಟೆಯುಂಟು, ಹರಾಜುಂಟು, ಬ್ಯಾಂಕಿಗೆ ಬಂದು ಬೀಳುವ ಹಣವುಂಟು. ಅವನು ಸೊಪ್ಪನ್ನು ಆರಿಸಿಕೊಂಡುದು ದುರಾಶೆಯಿಂದಲ್ಲ; ಬೇರೆ ಬಾಗಿಲುಗಳೆಲ್ಲ ಮುಚ್ಚಿದ್ದುದರಿಂದ. ಆದಕಾರಣ ಮಾಲಿನ್ಯದ ಹೊಣೆಯನ್ನೆಲ್ಲ ಅವನ ಹೆಗಲಿಗೆ ಹೊರಿಸುವುದು ಅನ್ಯಾಯ. ಎಷ್ಟು ಬೆಳೆಯಬೇಕೆಂದು ಗೊತ್ತುಮಾಡುವವರು ಬೇರೆ. ಕೊಂಡು ಲಾಭಗಳಿಸುವ ಕಂಪೆನಿಗಳು ಬೇರೆ. ಸಿಗರೇಟಿನ ಮೇಲೆ ತೆರಿಗೆಯೆತ್ತುವ ಸರ್ಕಾರ ಬೇರೆ. ಲಾಭದಲ್ಲಿ ಇವರೆಲ್ಲರಿಗೂ ಪಾಲುಂಟು. ಹೊಗೆಯಲ್ಲಿ ಮಾತ್ರ ಯಾರಿಗೂ ಪಾಲು ಬೇಡ. ಹರಾಜಿನಲ್ಲಿ ಕೂಗುವ ಬೆಲೆಯಲ್ಲಿ ಕಡಿದ ಮರದ ಬೆಲೆ ಸೇರಿಲ್ಲ, ಕೆಟ್ಟ ಗಾಳಿಯ ಬೆಲೆ ಸೇರಿಲ್ಲ, ಕೆಮ್ಮಿನ ಔಷಧದ ಬೆಲೆಯೂ ಸೇರಿಲ್ಲ. ಆ ಬೆಲೆಯನ್ನೆಲ್ಲ ನಮ್ಮ ಊರುಗಳು ತಮ್ಮ ಗಂಟಿನಿಂದ ತೆರುತ್ತಿವೆ. ಕಾರ್ಖಾನೆಯೊಂದು ಹೀಗೆ ಮಾಡಿದರೆ ೧೯೮೧ರ ವಾಯುಮಾಲಿನ್ಯ ಕಾಯಿದೆಯನ್ನು ನೆನೆಯುತ್ತೇವೆ. ಕಾರ್ಖಾನೆಯನ್ನು ಹತ್ತಾರು ಸಾವಿರ ತುಂಡುಮಾಡಿ ಬಡವರ ಹೊಲಗಳಲ್ಲಿ ಹಂಚಿಟ್ಟರೆ ಕಾಯಿದೆ ಕಣ್ಣುಮುಚ್ಚುವುದು ಯಾವ ನ್ಯಾಯ?

ಈ ಅನ್ಯಾಯಕ್ಕೆ ಪರಿಹಾರವಿಲ್ಲವೆಂದು ಯಾರೂ ಹೇಳಕೂಡದು. ಲಂಡನ್ನಿನ ಅನಾಹುತದ ಬಳಿಕ ೧೯೫೬ರಲ್ಲಿ ಆ ದೇಶದವರು ಶುದ್ಧವಾಯುವಿನ ಕಾಯಿದೆ ಮಾಡಿದಾಗ, ಮನೆಯೊಲೆಯನ್ನು ನಿಷೇಧಿಸಿ ಸುಮ್ಮನಾಗಲಿಲ್ಲ. ಒಲೆ ಬದಲಾಯಿಸುವ ಖರ್ಚಿನಲ್ಲಿ ಹತ್ತರಲ್ಲಿ ಏಳು ಪಾಲನ್ನು ಗೃಹಸ್ಥನಿಗೆ ಹಿಂದಿರುಗಿಸಿದರು. ಹೊಗೆ ಎಲ್ಲರ ಗಾಳಿಯನ್ನು ಕೆಡಿಸಿದ್ದರಿಂದ ಖರ್ಚೂ ಎಲ್ಲರದೆಂದು ಒಪ್ಪಿದರು. ನಮಗೆ ಇದಕ್ಕಿಂತ ಬಲವಾದ ಆಧಾರವೂ ಉಂಟು. ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತವು ೨೦೦೪ರಲ್ಲಿ ಅಂಗೀಕಾರ ಕೊಟ್ಟಿದೆ. ಅದರ ೧೭ನೆಯ ವಿಧಿ ಬೆಳೆಗಾರನಿಗೆ ಬೇರೆ ಜೀವನೋಪಾಯ ಕಲ್ಪಿಸಬೇಕೆನ್ನುತ್ತದೆ. ೧೮ನೆಯ ವಿಧಿ ಈ ಬೆಳೆಯ ವಿಷಯದಲ್ಲಿ ಪರಿಸರವನ್ನೂ ಜನರ ಆರೋಗ್ಯವನ್ನೂ ಕಾಪಾಡಬೇಕೆನ್ನುತ್ತದೆ. ಕೊಟ್ಟ ಮಾತು ದೆಹಲಿಯ ಕಡತದಲ್ಲಿ ತಣ್ಣಗೆ ಮಲಗಿದೆ. ಇಲ್ಲಿ ಒಲೆ ಉರಿಯುತ್ತಿದೆ.

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿರಲಿ. ಮೊದಲನೆಯದು, ಬೇಲನ್ನು ತೂಗುವಂತೆ ಸೌದೆಯನ್ನೂ ಲೆಕ್ಕವಿಡತಕ್ಕದ್ದು. ಪ್ರತಿ ಹರಾಜು ಕಟ್ಟೆಯಲ್ಲೂ ಆ ವರ್ಷ ಸುಟ್ಟ ಮರದ ಲೆಕ್ಕ ಜನರ ಕಣ್ಣಿಗೆ ಬೀಳುವಂತಿರಲಿ. ಎರಡನೆಯದು, ಬ್ಯಾರನ್ನಿನ ಒಲೆಯನ್ನು ತಿದ್ದುವ, ಗೋಡೆ ಚಾವಣಿಗಳಿಂದ ಶಾಖ ಸೋರದಂತೆ ಮಾಡುವ ಖರ್ಚನ್ನು ಕೊಳ್ಳುವವರೂ ತೆರಿಗೆಯೆತ್ತುವವರೂ ಹೊರಲಿ. ಮೂರು ಪಾಲು ರೈತನದಾದರೆ ಏಳು ಪಾಲು ಅವರದಾಗಲಿ. ಮೂರನೆಯದು, ಬೆಳೆ ಬಿಡಲು ಮನಸ್ಸುಳ್ಳವನಿಗೆ ರಾಗಿಗೂ ಕಾಳಿಗೂ ಸೊಪ್ಪಿಗಿರುವಂಥದೇ ಕಟ್ಟೆ, ಅಂಥದೇ ಭರವಸೆ ದೊರೆಯಲಿ. ನಾಲ್ಕನೆಯದು, ಊರಿನ ಕೊಳೆ ಶುದ್ಧವಾಗದೆ ನದಿಗೆ ಇಳಿಯದಿರಲಿ. ಇವಾವುವೂ ಆಕಾಶದ ಹೂವುಗಳಲ್ಲ.

ಸರ್ಕಾರವು ತಾನಾಗಿ ಇದನ್ನು ಮಾಡುವುದೆ? ಮಾಡದು. ಕೇಳದವನಿಗೆ ಯಾವ ಸರ್ಕಾರವೂ ಏನನ್ನೂ ಕೊಟ್ಟುದಿಲ್ಲ. ತನ್ನಲ್ಲಿ ಮಾಲಿನ್ಯವೇ ಇಲ್ಲವೆಂದು ಹೆಮ್ಮೆಪಡುವ ಸೀಮೆಯಾದರೋ ಕೇಳುವುದಾದರೂ ಏನನ್ನು? ನಮ್ಮ ಹುಸಿಹೆಮ್ಮೆಯ ನಿಜವಾದ ಹಾನಿ ಇದೇ. “ನಮ್ಮಲ್ಲಿ ಕಾರ್ಖಾನೆಯಿಲ್ಲ” ಎಂಬ ಮಾತನ್ನು ನಾವು ಹೇಳುತ್ತಿರುವವರೆಗೂ ಹೊಗೆಯ ಋಣ ತೀರಿಸಬೇಕಾದವರು ನೆಮ್ಮದಿಯಾಗಿ ನಿದ್ರಿಸುವರು. ಮುಂದಿನ ಆಷಾಢದಲ್ಲಿ ಒಲೆಗಳು ಹೊತ್ತಿಕೊಳ್ಳುವ ಮೊದಲು ನಮ್ಮ ಗ್ರಾಮಸಭೆಗಳು ಆ ಮಾತನ್ನು ಬಿಟ್ಟು, ಲೆಕ್ಕ ಕೇಳಲು ಮೊದಲುಮಾಡಲಿ.