ಎತ್ತರದ ಹಲ್ಲಿದ್ದರೆ ಹುಲ್ಲೇ ತಿಂದಿತ್ತೇ?

ಬಕ್ರೀದ್ ಹತ್ತಿರವಾದಾಗ ಮನೆಯ ಹಿರಿಯರ ಜೊತೆ ಕುರಿಸಂತೆಗೆ ಹೋದವರಿಗೆ ಗೊತ್ತು, ವ್ಯಾಪಾರ ಶುರುವಾಗುವುದೇ ಕುರಿಯ ಬಾಯಿ ತೆರೆಸಿ. ಎರಡಲ್ಲೋ ನಾಲ್ಕಲ್ಲೋ ನೋಡಿ ವಯಸ್ಸು ಹೇಳಿಬಿಡುತ್ತಾರೆ. ಅದೇ ಕುರಿ ಏನು ಮೇಯ್ದು ಬೆಳೆಯಿತು ಎಂದು ನಾನು ಕೇಳಿದ್ದಕ್ಕೆ ನಮ್ಮ ತಾತ, "ಅದನ್ನು ಮಾರುವವನನ್ನೇ ಕೇಳು" ಎಂದರು.

ಅಳಿದುಹೋದ ಪ್ರಾಣಿಗಳ ವಿಷಯದಲ್ಲಿ ಕೇಳಲು ಮಾರುವವನಿಲ್ಲ, ಹಲ್ಲೊಂದೇ ಉಳಿದಿರುತ್ತದೆ. ನಾವು ಕಲಿತಿರುವುದೋ ಒಂದು ಅಂಕದ ಉತ್ತರ: ಎತ್ತರದ ದವಡೆ ಹಲ್ಲು ಎಂದರೆ ಹುಲ್ಲು, ಗಿಡ್ಡ ಹಲ್ಲು ಎಂದರೆ ಎಲೆ. ಈ ಉತ್ತರ ಅರ್ಧ ಮಾತ್ರ ಸರಿ. ಹಾಗೇ ಬಾಯಿಪಾಠ ಮಾಡಿಸಬಾರದು ಎಂಬುದು ನನ್ನ ಅಭಿಪ್ರಾಯ.

ಹುಲ್ಲಿನಲ್ಲಿ ಸಿಲಿಕಾ ಇರುತ್ತದೆ, ನೆಲದ ಧೂಳೂ ಅಂಟಿರುತ್ತದೆ. ಹಲ್ಲು ಬೇಗ ಸವೆಯುವುದರಿಂದ ಎತ್ತರವಿದ್ದಷ್ಟೂ ಬಾಳಿಕೆ ಬರುತ್ತದೆ. ಇಲ್ಲಿಯವರೆಗೆ ಸರಿ. ಆದರೆ ಎತ್ತರದ ಹಲ್ಲಿರುವ ಪ್ರಾಣಿ ಎಲೆ ತಿನ್ನಬಾರದೆಂದು ಯಾರು ಹೇಳಿದರು?

ಅಮೆರಿಕದ ಫ್ಲೋರಿಡಾದಲ್ಲಿ ಸುಮಾರು 50 ಲಕ್ಷ ವರ್ಷಗಳ ಹಿಂದೆ ಆರು ಜಾತಿಯ ಕುದುರೆಗಳು ಒಟ್ಟಿಗೆ ಬದುಕಿದ್ದವು. ಎಲ್ಲಕ್ಕೂ ಎತ್ತರದ ಹಲ್ಲು, ಆದ್ದರಿಂದ ಎಲ್ಲವೂ ಹುಲ್ಲು ಮೇಯುತ್ತಿದ್ದವೆಂದೇ ನಂಬಲಾಗಿತ್ತು. 1999ರಲ್ಲಿ ಬ್ರೂಸ್ ಮ್ಯಾಕ್‌ಫ್ಯಾಡನ್ ಮತ್ತು ಸಂಗಡಿಗರು ಅದೇ ಹಲ್ಲುಗಳನ್ನು ಬೇರೆ ಎರಡು ರೀತಿಯಲ್ಲಿ ಪರೀಕ್ಷಿಸಿದರು.

ಒಂದು, ಕಾರ್ಬನ್. ದ್ಯುತಿಸಂಶ್ಲೇಷಣೆಯ ಪಾಠದಲ್ಲಿ ನಾವು ಓದುವ ಸಿ3, ಸಿ4 ಸಸ್ಯಗಳೇ ಇಲ್ಲಿಯೂ ಬರುತ್ತವೆ. ಜೋಳ, ಕಬ್ಬು ಮತ್ತು ಬಿಸಿನಾಡಿನ ಹೆಚ್ಚಿನ ಹುಲ್ಲುಗಳು ಸಿ4. ಮರ, ಪೊದೆಗಳು ಬಹುಪಾಲು ಸಿ3. ಸಿ4 ಸಸ್ಯಗಳಲ್ಲಿ ಕಾರ್ಬನ್-13ರ ಪ್ರಮಾಣ ತುಸು ಹೆಚ್ಚು. ತಿಂದ ಪ್ರಾಣಿಯ ಹಲ್ಲಿನ ಎನಾಮೆಲ್ ರೂಪುಗೊಳ್ಳುವಾಗ ಆ ವ್ಯತ್ಯಾಸ ಅದರಲ್ಲಿ ಸೇರಿಬಿಡುತ್ತದೆ. ಎನಾಮೆಲ್ ಮೂಳೆಯಂತೆ ಮತ್ತೆ ಮತ್ತೆ ಹೊಸದಾಗುವುದಿಲ್ಲ, ಹಾಗಾಗಿ ಲೆಕ್ಕ ಅಳಿಸಿಹೋಗುವುದಿಲ್ಲ. (ಸಿ4 ಪಾಠ ಬೆಳೆಗಷ್ಟೇ ಸಂಬಂಧಿಸಿದ್ದು ಎಂದು ನಾನು ಎರಡು ವರ್ಷ ಅಂದುಕೊಂಡಿದ್ದೆ!) ಆದರೆ ಭತ್ತ, ಗೋಧಿಯಂತೆ ಸಿ3 ಹುಲ್ಲುಗಳೂ ಇರುವುದರಿಂದ ಕಾರ್ಬನ್ ಒಂದೇ ಸಾಕಾಗದು. ಅದಕ್ಕೇ ಎರಡನೆಯದು, ಸೂಕ್ಷ್ಮದರ್ಶಕದಲ್ಲಿ ಕಾಣುವ ಸವೆತ. ಹುಲ್ಲು ಮೇಯುವ ಪ್ರಾಣಿಯ ಹಲ್ಲಿನ ಮೇಲೆ ಗೀರುಗಳು ಹೆಚ್ಚು. ಇದು ಸಾಯುವ ಮುನ್ನಿನ ಕೆಲವು ದಿನ, ವಾರಗಳ ಊಟವನ್ನಷ್ಟೇ ಹೇಳುತ್ತದೆ.

ಫಲಿತಾಂಶ? ಕೆಲವು ಕುದುರೆಗಳು ಹುಲ್ಲು ಮೇಯುತ್ತಿದ್ದವು, ಕೆಲವು ಎರಡನ್ನೂ, ಕೆಲವು ಮುಖ್ಯವಾಗಿ ಎಲೆಯನ್ನು. ಇಂದಿನ ಕುದುರೆಗೆ ಅತಿ ಹತ್ತಿರದ ಸಂಬಂಧಿಯೇ ಎಲೆ ತಿನ್ನುವ ಗುಂಪಿನಲ್ಲಿತ್ತು! ಆಕಾರವನ್ನೇ ನಂಬಿದ್ದರೆ ಆ ಫ್ಲೋರಿಡಾವನ್ನು ಬರೀ ಹುಲ್ಲುಗಾವಲೆಂದು ಚಿತ್ರಿಸುತ್ತಿದ್ದೆವು. ಅಲ್ಲಿ ಎಲೆ ಕೊಡುವ ಗಿಡಮರಗಳೂ ಇದ್ದವು.

ಹೀಗಿರುವಾಗ "ಎತ್ತರದ ಹಲ್ಲಿತ್ತು, ಆದರೂ ಎಲೆ ತಿಂದಿರಬಹುದು" ಎಂದು ಬರೆದ ವಿದ್ಯಾರ್ಥಿಗೆ ಸೊನ್ನೆ ಕೊಡುವುದು ನ್ಯಾಯವೇ? ಕೀ ಆನ್ಸರ್‌ನಲ್ಲಿ ಅದು ಇಲ್ಲ, ನಿಜ. ಅದನ್ನು ಬದಲಿಸುವುದು ನಮ್ಮ ಉಪನ್ಯಾಸಕರ ಕೈಯಲ್ಲೂ ಇಲ್ಲ. ಆದರೆ ಪ್ರಯೋಗಾಲಯದ ಗಾಜಿನ ಕಪಾಟಿನಲ್ಲಿರುವ ಮೇಕೆಯ ತಲೆಬುರುಡೆಯನ್ನು ಹೊರಗೆ ತೆಗೆಯುವುದು ಅವರ ಕೈಯಲ್ಲಿದೆ. ಅದರ ಹಲ್ಲು ನೋಡಿ ಮೇಕೆ ಏನು ತಿನ್ನಬಲ್ಲದು ಎಂದು ಮೊದಲು ಬರೆಸಿ, ಆಮೇಲೆ ಕಾಂಪೌಂಡಿನ ಆಚೆ ಅದು ನಿಜಕ್ಕೂ ಏನು ತಿನ್ನುತ್ತಿದೆ ಎಂದು ನೋಡಿಬರಲು ಕಳಿಸಲಿ. ಒಂದು ಪೀರಿಯಡ್ ಸಾಕು.