ಕೆಡಿಸದೆ ಕಲಿಯುವ ದಾರಿ

೨೦೨೫ನೆಯ ಅಕ್ಟೋಬರ್ ೧೪ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ೧೦ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ ೧೧ ಅನೇಕ ಹಳೆಯ ಗಣಕಯಂತ್ರಗಳಿಗೆ ಒಗ್ಗುವುದಿಲ್ಲ. ಹಾಗೆಂದು ಅವುಗಳನ್ನು ಗುಜರಿಗೆ ಹಾಕಬೇಕೆ? ಕೂಡದೆಂಬುದೇ ನನ್ನ ಅಭಿಪ್ರಾಯ. ಬೆಲೆ ತೆರದೆ ದೊರೆಯುವ ಲಿನಕ್ಸ್ ಇದೆ. ಆದರೆ ಮನೆಯಲ್ಲಿರುವುದು ಒಂದೇ ಯಂತ್ರವಾದರೆ, ಕಡತಗಳು ಅಳಿದುಹೋದಾವೆಂಬ ಅಂಜಿಕೆ ಸಹಜ.

ಈ ಅಂಜಿಕೆಗೆ ಮದ್ದು ವರ್ಚುವಲ್ ಮಷೀನ್. ವರ್ಚುವಲ್‌ಬಾಕ್ಸ್‌ನಂಥ ತಂತ್ರಾಂಶವು ಯಂತ್ರದ ಸ್ಮರಣೆಯಲ್ಲಿಯೂ ಡಿಸ್ಕಿನಲ್ಲಿಯೂ ಒಂದು ಪಾಲು ಪಡೆದು, ವಿಂಡೋಸಿನೊಳಗೇ ಇನ್ನೊಂದು ಯಂತ್ರವಿರುವಂತೆ ಲಿನಕ್ಸನ್ನು ನಡೆಸುತ್ತದೆ. ಒಳಗಿನದು ಕೆಟ್ಟರೂ ಹೊರಗಿನದು ಕೆಡದು. ಮೊದಲೇ ಸ್ನ್ಯಾಪ್‌ಶಾಟ್ ತೆಗೆದಿಟ್ಟಿದ್ದರೆ ಹಿಂದಿನ ಸ್ಥಿತಿಗೆ ಮರಳಬಹುದು. ಹೊಸ ಬೀಜವನ್ನು ಎರೆಹೊಲದ ಒಂದು ಮೂಲೆಯಲ್ಲಿ ಬಿತ್ತಿ ನೋಡುವ ರೈತನ ಜಾಣತನವೇ ಇದು. ಆದರೆ ೮ ಜಿಬಿ ಸ್ಮರಣೆಯಾದರೂ ಇರಬೇಕು; ೪ ಜಿಬಿಯಲ್ಲಿ ಎರಡೂ ತೆವಳುತ್ತವೆ.

ಕಲಾ ವಿದ್ಯಾರ್ಥಿಗಳಿಗೆ ಇದರ ಗೊಡವೆ ಏಕೆಂದು ಕೇಳುವವರುಂಟು. ಕನ್ನಡ ಗಣಕ ಪರಿಷತ್ತಿನ 'ನುಡಿ'ಯಲ್ಲಿ, ಯೂನಿಕೋಡ್‌ಗೆ ಮುಂಚಿನ ಕ್ರಮದಲ್ಲಿ ಬೆರಳಚ್ಚಾದ ಪ್ರಬಂಧಗಳು, ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಆದುದರಿಂದ ಅವುಗಳ ಪ್ರತಿಯೊಂದನ್ನು ಬೇರೆಡೆ ಇಟ್ಟು, ಯೂನಿಕೋಡ್‌ಗೆ ಪರಿವರ್ತಿಸಿ, ಒಳಗಿನ ಲಿನಕ್ಸಿನಲ್ಲಿ ತೆರೆದು ಓದಬೇಕು. ಒತ್ತಕ್ಷರವೂ ತಪ್ಪದೆ ಬಂದ ಮೇಲೆಯೇ ವಿಂಡೋಸನ್ನು ಬಿಡಬೇಕು. ಅವಸರಪಟ್ಟರೆ ಕಳೆದುಹೋಗುವುದು ಯಂತ್ರವಲ್ಲ, ನಮ್ಮ ಬರಹ.

ರೋಣ, ನರಗುಂದ, ಗಜೇಂದ್ರಗಡದ ಕಾಲೇಜುಗಳಲ್ಲಿ ಇಂಥ ಅಭ್ಯಾಸಕ್ಕೆಂದು ಒಂದೊಂದು ಯಂತ್ರವಾದರೂ ಮೀಸಲಿರಲಿ. ಒಳಗಿನದನ್ನು ಕೆಡಿಸಿ ಕಲಿಯಲು ಗುರುಗಳು ಅಪ್ಪಣೆ ಕೊಡಲಿ.